ಹೂವನ್ನು ಹೂಳುವ ಗಿಡ

ಕನ್ನಡದಲ್ಲಿ ‘ಕಳೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬಿತ್ತದೆ ಹುಟ್ಟಿ ಪೈರಿನ ಪಾಲನ್ನು ಕಸಿದುಕೊಳ್ಳುವ ಗಿಡ ಒಂದು ಕಳೆ; ಮುಖದ ಮೇಲೆ ಆಡುವ ಕಾಂತಿ ಮತ್ತೊಂದು ಕಳೆ. ಮೊದಲನೆಯದು ಅಚ್ಚಗನ್ನಡದ್ದು, ಎರಡನೆಯದು ಸಂಸ್ಕೃತದ ‘ಕಲಾ’ ಶಬ್ದದಿಂದ ಇಳಿದು ಬಂದದ್ದು, ನಾಲಗೆಯ ಮೇಲೆ ಮಾತ್ರ ಎರಡೂ ಒಂದಾಗಿವೆ ಎಂದು ಮೂವತ್ತು ವರ್ಷ ತರಗತಿಗಳಲ್ಲಿ ಹೇಳಿಕೊಂಡು ಬಂದವನು ನಾನು. ವ್ಯಾಕರಣದ ಮಟ್ಟಿಗೆ ಅದು ಸರಿಯೇ. ಆದರೆ ಲೋಕವ್ಯವಹಾರದಲ್ಲಿ ಈ ಎರಡು ಕಳೆಗಳೂ ಒಂದೇ ಗಿಡದಲ್ಲಿ ಕೂಡಿಬಂದ ಪ್ರಸಂಗವೊಂದುಂಟು. ಯಾರೂ ಬಿತ್ತದೆ, ಯಾರೂ ಕರೆಯದೆ ಬಂದ ಒಂದು ಕಳೆ ಆಸ್ಟ್ರೇಲಿಯ ಖಂಡದ ಬಡ ಮಣ್ಣಿನ ಮುಖಕ್ಕೆ ಕಳೆ ತಂದಿತು. ಆಮೇಲೆ, ಆ ಸೊಬಗಿನ ನಡುವೆಯೇ, ಅದೇ ಗಿಡವನ್ನು ಮೇಯ್ದ ಸಾವಿರಾರು ಕುರಿಗಳು ಗೊಡ್ಡಾದವು. ಆ ಗಿಡದ ವೃತ್ತಾಂತವನ್ನು ಕೇಳುಗರ ಮುಂದಿಡಬೇಕೆಂದು ಇಂದು ಬಂದಿದ್ದೇನೆ.

ಲಿನೇಯಸ್ ಮಹಾಶಯನು 1753ರಲ್ಲಿ ಇದಕ್ಕೆ ಇಟ್ಟ ಹೆಸರು ಟ್ರೈಫೋಲಿಯಂ ಸಬ್‌ಟೆರೇನಿಯಂ. ಮೂರೆಲೆಯದು, ನೆಲದೊಳಗಿನದು ಎಂದು ಅದರ ಅರ್ಥ. ಇಂಗ್ಲಿಷಿನವರು ಕ್ಲೋವರ್ ಎನ್ನುವ ಮೇವಿನ ಗಿಡಗಳ ಬಳಗಕ್ಕೆ ಸೇರಿದ್ದು. ನಮ್ಮ ನೆಲದಲ್ಲಿ ಬೆಳೆಯದ ಗಿಡಕ್ಕೆ ನಮ್ಮ ಜನ ಹೆಸರಿಡಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಆದರೂ ಮಾತನಾಡುವುದಕ್ಕೆ ಒಂದು ಹೆಸರು ಬೇಕಲ್ಲ. ನೆಲಗಡಲೆ, ನೆಲನೆಲ್ಲಿ, ನೆಲಬೇವು ಎಂದು ನಮ್ಮಲ್ಲಿ ಇರುವ ಹಾಗೆ ಇದನ್ನು ‘ನೆಲಕ್ಲೋವರ್’ ಎಂದು ಕರೆಯೋಣ. ಎಲೆಯನ್ನು ನೋಡಿದರೆ ಮೆಂತ್ಯದ ನೆನಪಾಗುತ್ತದೆ. ಒಂದು ತೊಟ್ಟಿಗೆ ಮೂರು ಎಲೆ, ಆದರೆ ಒಂದೊಂದೂ ಹೃದಯದ ಆಕಾರದ್ದು. ನೆನಪಾಗುವುದು ಸಹಜವೇ, ಮೆಂತ್ಯವೂ ಇದೂ ದಾಯಾದಿಗಳು. ಕಾಂಡ ಮೇಲಕ್ಕೇಳುವುದಿಲ್ಲ, ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ. ಹೂವು ಮಾಸಲು ಬಿಳುಪಿನ, ಎಲೆಯ ಮರೆಯಲ್ಲೇ ಉಳಿಯುವ, ಯಾವ ಕವಿಯ ಕಣ್ಣಿಗೂ ಬೀಳದಂಥದು.

ನನ್ನ ಮಗಳು, ಅಳಿಯ ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನೆಲೆಸಿದ್ದಾರೆ. ನಿವೃತ್ತಿಯ ನಂತರ ಒಂದು ವರ್ಷ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಇರುವ ಅವಕಾಶ ಒದಗಿತು. ಅಲ್ಲಿನ ಋತುಚಕ್ರ ನಮಗೆ ತಲೆಕೆಳಗು: ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಮತ್ತು ಚಳಿ, ಸೆಪ್ಟೆಂಬರಿನಲ್ಲಿ ವಸಂತ, ಡಿಸೆಂಬರಿನಲ್ಲಿ ಉರಿಬೇಸಗೆ. ಅಳಿಯನ ಪರಿಚಯದ ಒಬ್ಬ ವೃದ್ಧ ಕುರಿಸಾಕಣೆಗಾರರ ಜಮೀನಿಗೆ ಸೆಪ್ಟೆಂಬರಿನಲ್ಲಿ ಹೋಗಿದ್ದೆವು. ಕಣ್ಣು ಹಾಯುವಷ್ಟು ದೂರ ಹಸುರು. ಅದರ ತುಂಬ ಕುರಿ. ಆ ಹಿರಿಯರು ಬಗ್ಗಿ, ಎಲೆಗಳನ್ನು ಸರಿಸಿ, ಮಣ್ಣಿನೊಳಕ್ಕೆ ಬೆರಳು ತೂರಿಸಿ, ಮುಳ್ಳುಮುಳ್ಳಾದ ಒಂದು ಪುಟ್ಟ ಉಂಡೆಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. “ಇದು ಹೂವು” ಎಂದರು.

ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ನೆಲಕ್ಲೋವರಿನ ಒಂದು ಗೊಂಚಲಿನಲ್ಲಿ ನಾಲ್ಕಾರು ಹೂಗಳು ಮಾತ್ರ ಅರಳುತ್ತವೆ. ದುಂಬಿಯ ಹಂಗು ಅವಕ್ಕಿಲ್ಲ. ತಮ್ಮ ಪರಾಗದಿಂದ ತಾವೇ ಫಲಿಸುತ್ತವೆ. ಫಲಿಸಿದೊಡನೆ ಗೊಂಚಲಿನ ತೊಟ್ಟು ಕೆಳಕ್ಕೆ ಬಾಗಿ, ಉದ್ದವಾಗುತ್ತ, ಗೊಂಚಲನ್ನು ಮಣ್ಣಿನೊಳಕ್ಕೆ ನೂಕುತ್ತದೆ. ಗೊಂಚಲಿನ ನಡುವಿನಲ್ಲಿ ಅರಳದೆಯೇ ಉಳಿದ ಬಂಜೆ ಮೊಗ್ಗುಗಳಿರುತ್ತವೆ. ಈಗ ಅವುಗಳ ಸರದಿ. ಅವು ಬಿರುಸಾದ ಕೊಕ್ಕೆಗಳಾಗಿ ಬೆಳೆದು, ಹಿಂದಕ್ಕೆ ಬಾಗಿ, ಕಾಯಿಗಳನ್ನು ಸುತ್ತುವರಿದು, ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಒಳಗೆ ಮೂರೋ ನಾಲ್ಕೋ ಕಪ್ಪು ಬೀಜ. ನಮ್ಮ ಕಡಲೆಕಾಯಿಯೂ ಇದೇ ವಿದ್ಯೆಯನ್ನು ಬಲ್ಲದು. ಆದರೆ ಕಡಲೆಗಿಡದಲ್ಲಿ ಹೂವು ಮೇಲೆಯೇ ಬಾಡುತ್ತದೆ. ಅದರ ಬುಡದಿಂದ ಸೂಜಿಯಂಥ ಕಾವೊಂದು ಹೊರಟು ನೆಲಕ್ಕಿಳಿದು ಅಲ್ಲಿ ಕಾಯಿ ಕಟ್ಟುತ್ತದೆ. ನೆಲಕ್ಲೋವರ್ ಇಡೀ ಗೊಂಚಲನ್ನೇ ಹೂಳುತ್ತದೆ. ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿಯ ರಾಶಿಯನ್ನು ಕಾಣುವ ನಾವು ಅದನ್ನು ನಮ್ಮದೆಂದೇ ಭಾವಿಸಿದ್ದೇವೆ. ಅದೂ ದಕ್ಷಿಣ ಅಮೆರಿಕದಿಂದ ಬಂದ ವಲಸೆಗಾರನೇ. ಇರಲಿ.

ಬೀಜವನ್ನು ಹೂಳುವುದೇಕೆ? ಗಿಡದ ತೌರೂರು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡು. ಅಲ್ಲಿ ಸಾವಿರಾರು ವರ್ಷಗಳಿಂದ ಕುರಿ ಮೇಕೆಗಳದೇ ರಾಜ್ಯ. ಮೇಲೆ ಬಿಟ್ಟ ಬೀಜ ಬಾಯಿಗೆ ತುತ್ತಾಗುತ್ತದೆ, ಒಳಗಿನ ಬೀಜ ಉಳಿಯುತ್ತದೆ. ಕಾಂಡ ನೆಲಕ್ಕಂಟಿರುವುದರಿಂದ ಎಷ್ಟು ಮೇಯಿಸಿದರೂ ಚಿಗುರುವ ಗೆಣ್ಣುಗಳು ಕುರಿಯ ಹಲ್ಲಿಗೆ ಸಿಗುವುದಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಮೇಯಿಸದೆ ಬಿಟ್ಟರೆ ಈ ಗಿಡ ಸೊರಗುತ್ತದೆ. ಎತ್ತರದ ಹುಲ್ಲು ಬೆಳೆದು ಬಿಸಿಲನ್ನು ಮುಚ್ಚುತ್ತದೆ. ಕುರಿ ಆ ಹುಲ್ಲನ್ನು ಕಚ್ಚಿ ತಗ್ಗಿಸಿದರೆ ಮಾತ್ರ ಇದಕ್ಕೆ ಬೆಳಕು. ಹೀಗೆ ತನ್ನನ್ನು ತಿನ್ನುವವರ ಸಖ್ಯದಲ್ಲೇ ಬಾಳುವ ಗಿಡ ಇದು. ಬೇಸಗೆಗೆ ಗಿಡ ಸಾಯುತ್ತದೆ, ಬೀಜ ಕಾದಿರುತ್ತದೆ. ಬೀಜದ ಸಿಪ್ಪೆ ಗಡುಸು, ನೀರು ಒಳಗಿಳಿಯುವುದಿಲ್ಲ. ಹಗಲಿನ ಕಾವು ಇರುಳಿನ ತಂಪು ತಿಂಗಳುಗಟ್ಟಲೆ ಅದನ್ನು ಹಿಗ್ಗಿಸಿ ಕುಗ್ಗಿಸಿದ ಮೇಲೆಯೇ ಸಿಪ್ಪೆ ಮೆತ್ತಗಾಗುವುದು. ಅದೂ ಎಲ್ಲ ಬೀಜಗಳಲ್ಲಿ ಒಂದೇ ವರ್ಷಕ್ಕಲ್ಲ. ಅಕಾಲದಲ್ಲಿ ಒಂದು ಮಳೆ ಬಿದ್ದು ಹುಟ್ಟಿದ ಸಸಿಗಳೆಲ್ಲ ಒಣಗಿಹೋದರೂ ಮಣ್ಣಿನಲ್ಲಿ ಮುಂದಿನ ವರ್ಷಕ್ಕೆ, ಅದರಾಚೆಯ ವರ್ಷಕ್ಕೆ ಬೀಜ ಉಳಿದಿರುತ್ತದೆ. ಕಣಜದ ಬೀಜವನ್ನೆಲ್ಲ ಒಮ್ಮೆಗೇ ಹೊಲಕ್ಕೆ ಚೆಲ್ಲದ ನಮ್ಮ ಹಿಂದಿನ ರೈತರ ಎಚ್ಚರಿಕೆ ಇದಕ್ಕೂ ಇದೆ. ಈ ಒಂದು ಗುಣವನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದು ಬೇರೆಯೇ ರೂಪದಲ್ಲಿ ಎದುರಾಗುತ್ತದೆ.

ಆಸ್ಟ್ರೇಲಿಯಕ್ಕೆ ಇದನ್ನು ಯಾರೂ ಬೇಕೆಂದು ತರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದ ಹಡಗುಗಳಲ್ಲಿ ದನಕರುಗಳೊಡನೆ, ಅವುಗಳ ಮೇವಿನೊಡನೆ, ಇತರ ಬೀಜಗಳೊಡನೆ ಕಳ್ಳನಂತೆ ಬಂದಿಳಿಯಿತು. ದಾರಿಯ ಅಂಚಿನಲ್ಲಿ, ಬೇಲಿಯ ಸಂದಿನಲ್ಲಿ ಬೆಳೆಯಿತು. 1889ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಆಡಿಲೇಡ್ ನಗರದ ಸಮೀಪದ ಮೌಂಟ್ ಬಾರ್ಕರ್ ಎಂಬಲ್ಲಿ ಏಮಸ್ ಹಾವರ್ಡ್ ಎಂಬಾತ ನೆರೆಯವರ ಜಮೀನಿನಲ್ಲಿ ಇದನ್ನು ಕಂಡ. ಆತ ಇಂಗ್ಲೆಂಡಿನಲ್ಲಿ ಹುಟ್ಟಿ ಅಲ್ಲಿ ಬಂದು ನೆಲೆಸಿದ್ದವನು, ಸಸಿಗಳನ್ನು ಬೆಳೆಸಿ ಮಾರುವ ಕಸುಬಿನವನು. ಪ್ರೊಫೆಸರನಲ್ಲ, ಸರಕಾರದ ಅಧಿಕಾರಿಯಲ್ಲ. ಸುತ್ತಲಿನ ಹುಲ್ಲೆಲ್ಲ ಬಡಕಲಾಗಿರುವಾಗ ಈ ಗಿಡ ಮಾತ್ರ ದಟ್ಟವಾಗಿ ಹಬ್ಬಿದ್ದು ಅವನ ಕಣ್ಣಿಗೆ ಬಿತ್ತು. ದಕ್ಷಿಣ ಇಂಗ್ಲೆಂಡಿನ ಮರಳು ನೆಲಗಳಲ್ಲಿಯೂ ಈ ಗಿಡ ಇದೆ, ಆದರೆ ಅಲ್ಲಿ ಇದನ್ನು ಮೇವೆಂದು ಎಣಿಸಿದವರಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆ ಗಿಡಗಳ ವಿಷಯಕ್ಕೇ ಹುಟ್ಟಿದ್ದಲ್ಲವೆ? ಹಾವರ್ಡ್ ವರ್ಷಗಟ್ಟಲೆ ಅದರ ಬೆನ್ನು ಬಿಡಲಿಲ್ಲ. ಕಂಡ ಹದಿನೇಳು ವರ್ಷಗಳ ಮೇಲೆ, 1906ರಲ್ಲಿ, ಆಡಿಲೇಡಿನ ‘ಅಡ್ವರ್ಟೈಸರ್’ ದಿನಪತ್ರಿಕೆಗೆ ಪತ್ರ ಬರೆದು ಈ ಮೇವಿನ ಗುಣವನ್ನು ಸಾರಿದ. ಮರುವರ್ಷದಿಂದ ಬೀಜದ ಮಾರಾಟ ಮೊದಲಾಯಿತು. 1930ರಲ್ಲಿ ಆತ ತೀರಿಕೊಂಡಾಗ ಆ ಬೀಜ ಮಾರುವುದು ದೊಡ್ಡ ವ್ಯಾಪಾರವಾಗಿತ್ತು.

ಬೀಜ ಮಾರುವುದೇನೋ ಸರಿ. ಮಣ್ಣಿನೊಳಗಿರುವ ಬೀಜವನ್ನು ಕೊಯ್ಯುವುದು ಹೇಗೆ? ಮೊದಮೊದಲು ತುಪ್ಪಳದ ಸಮೇತ ಕುರಿಚರ್ಮವನ್ನು ಉರುಳೆಗಳಿಗೆ ಸುತ್ತಿ, ಒಣಗಿದ ಹೊಲದ ಮೇಲೆ ಉರುಳಿಸುತ್ತಿದ್ದರು. ಮುಳ್ಳುಂಡೆಗಳು ತುಪ್ಪಳಕ್ಕೆ ಸಿಕ್ಕಿಕೊಂಡು ಮೇಲೆ ಬರುತ್ತಿದ್ದವು. ಕಾಡಿನಲ್ಲಿ ಈ ಗಿಡ ಊರಿಂದೂರಿಗೆ ಹೋಗುವುದೂ ಹೀಗೆಯೇ, ಕುರಿಯ ಮೈಗೆ ಅಂಟಿಕೊಂಡು. ಮನುಷ್ಯ ಕುರಿಯನ್ನು ಬಿಟ್ಟು ಅದರ ಚರ್ಮವನ್ನಷ್ಟೇ ಬಳಸಿಕೊಂಡ. 1950ರ ದಶಕದಿಂದ ಈಚೆಗೆ ಮಣ್ಣಿನ ಮೇಲ್ಪದರವನ್ನೇ ಗಾಳಿಯಿಂದ ಹೀರಿ ಬೀಜ ಸೋಸುವ ಯಂತ್ರಗಳು ಬಂದವು. ಅವು ಎಬ್ಬಿಸುವ ಧೂಳನ್ನು ಕಂಡರೆ ಇದು ಸುಗ್ಗಿಯೋ ಸುಂಟರಗಾಳಿಯೋ ಎನ್ನಿಸುತ್ತದೆ.

ಇಷ್ಟು ಶ್ರಮ ಏಕೆ ಪಟ್ಟರು ಎಂಬುದನ್ನು ಅರಿಯಲು ಅಲ್ಲಿನ ಮಣ್ಣನ್ನು ಅರಿಯಬೇಕು. ಆಸ್ಟ್ರೇಲಿಯದ ಭೂಮಿ ಬಹಳ ಪುರಾತನವಾದದ್ದು; ಯುಗಯುಗಗಳಿಂದ ಮಳೆಗೆ ತೊಳೆದು ಸಾರ ಇಳಿದುಹೋದದ್ದು. ರಂಜಕ ಇಲ್ಲ, ಸಾರಜನಕ ಇಲ್ಲ. ಸಾರಜನಕವನ್ನು ಗಾಳಿಯಿಂದ ಹಿಡಿದು ತರುವ ವಿದ್ಯೆ ದ್ವಿದಳ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಗೆ ಗೊತ್ತು. ನಮ್ಮ ಹಳೆಯ ಮೈಸೂರು ಕಡೆಯ ರಾಗಿ ಹೊಲಗಳಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲುಗಳನ್ನು ಇಡುತ್ತಿದ್ದವರು ಸೂಕ್ಷ್ಮಜೀವಿಯ ಹೆಸರನ್ನು ಕೇಳಿರಲಿಲ್ಲ, ಆದರೆ ಫಲವನ್ನು ಕಂಡಿದ್ದರು. ಆಸ್ಟ್ರೇಲಿಯದವರು ಸಾಲಿಗೆ ಬದಲಾಗಿ ವರ್ಷಗಳನ್ನೇ ಹಂಚಿಕೊಂಡರು: ಕೆಲವು ವರ್ಷ ನೆಲಕ್ಲೋವರಿನ ಹುಲ್ಲುಗಾವಲು, ಕುರಿಮಂದೆ, ಆಮೇಲೆ ಅದೇ ನೆಲದಲ್ಲಿ ಗೋಧಿ. ಒಂದು ಟನ್ ಒಣಮೇವು ಬೆಳೆದರೆ ಸುಮಾರು 20ರಿಂದ 25 ಕಿಲೋ ಸಾರಜನಕ ಗಾಳಿಯಿಂದ ಇಳಿಯುತ್ತದೆಂದು ಲೆಕ್ಕ. ಗೋಧಿ ಕೊಯ್ದ ಮೇಲೆ ಮತ್ತೆ ಕ್ಲೋವರ್ ಬಿತ್ತುವ ಗೊಡವೆಯಿಲ್ಲ. ಬೀಜ ಮಣ್ಣಿನಲ್ಲಿಯೇ ಇದೆಯಲ್ಲ! ದಕ್ಷಿಣ ಆಸ್ಟ್ರೇಲಿಯ, ವಿಕ್ಟೋರಿಯ, ನ್ಯೂ ಸೌತ್ ವೇಲ್ಸ್, ಪಶ್ಚಿಮ ಆಸ್ಟ್ರೇಲಿಯ ಎಲ್ಲ ಸೇರಿ ಈ ಗಿಡ ಹಬ್ಬಿದ ನೆಲ ಸುಮಾರು 2.9 ಕೋಟಿ ಹೆಕ್ಟೇರ್ ಎಂದು ಅಂದಾಜು. ಕರ್ನಾಟಕದ ಒಟ್ಟು ವಿಸ್ತೀರ್ಣವೇ ಸುಮಾರು 1.9 ಕೋಟಿ ಹೆಕ್ಟೇರ್.

ಸಾರಜನಕ ಗಿಡದಿಂದ ಬಂತು. ರಂಜಕ ಎಲ್ಲಿಂದ ಬರಬೇಕು? ಅದಕ್ಕೆ ಸೂಪರ್ ಫಾಸ್ಫೇಟ್ ಗೊಬ್ಬರ. ‘ಸಬ್ ಅಂಡ್ ಸೂಪರ್’ ಎಂಬುದು ಅಲ್ಲಿನ ರೈತರ ಬಾಯಿಯಲ್ಲಿ ಒಂದು ಮಂತ್ರವೇ ಆಗಿತ್ತು. ಒಂದು ಕೆಳಗಿನದು, ಒಂದು ಮೇಲಿನದು. ಲ್ಯಾಟಿನ್ ತಿಳಿಯದವರೂ ಹಾಡಿದ ದ್ವಂದ್ವ ಸಮಾಸ. ಆ ಗೊಬ್ಬರದ ಕಲ್ಲಿನ ಬಹುಪಾಲು ಬಂದದ್ದು ಪೆಸಿಫಿಕ್ ಸಾಗರದ ನಡುವಣ ನೌರು ಮತ್ತು ಬನಾಬಾ ದ್ವೀಪಗಳಿಂದ, ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಿಂದ. ನೌರು ಎಂಬುದು 21 ಚದರ ಕಿಲೋಮೀಟರಿನ ಚಿಕ್ಕ ದ್ವೀಪ. ಅದರ ನಡುವಣ ಎತ್ತರದ ನೆಲವನ್ನೆಲ್ಲ ಅಗೆದು ಸಾಗಿಸಿದರು. ಸುಣ್ಣದ ಕಲ್ಲಿನ ಮೊನೆಗಳು ಮಾತ್ರ ಹಲ್ಲುಗಳಂತೆ ನಿಂತವು. ಬನಾಬಾದ ಜನರನ್ನು 1945ರಲ್ಲಿ ಫಿಜಿಯ ಒಂದು ದ್ವೀಪಕ್ಕೆ ಎತ್ತಿಹಾಕಲಾಯಿತು. ನೌರು ಸ್ವತಂತ್ರವಾದದ್ದು 1968ರಲ್ಲಿ. ಅದು 1989ರಲ್ಲಿ ಆಸ್ಟ್ರೇಲಿಯದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು, 1993ರಲ್ಲಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ಪರ್ತ್‌ನ ಆಚೆಯ ಹಸುರನ್ನು ನೋಡುತ್ತ ನಿಂತಾಗ ನನಗೆ ಇದು ತಿಳಿದಿರಲಿಲ್ಲ. ತಿಳಿದ ಮೇಲೆ ಆ ಹಸುರು ಮೊದಲಿನಷ್ಟು ಹಗುರವಾಗಿ ಕಾಣಲಿಲ್ಲ. ಒಂದು ಕಡೆಯ ನೆಲಕ್ಕೆ ಕಳೆ ಬಂದರೆ ಇನ್ನೊಂದು ಕಡೆಯ ನೆಲ ಕಳೆಗುಂದಿತ್ತು.

ಹೆಸರುಗಳ ವಿಷಯ ಒಂದು ಮಾತು ಹೇಳದಿರಲಾರೆ. ಭಾಷೆಯ ಉಪಾಧ್ಯಾಯನಿಗೆ ಅದೊಂದು ಚಪಲ. ಆಯಾ ಊರಿನ ಮಳೆಗೆ ಹೊಂದಿಕೊಂಡು ತಾನಾಗಿಯೇ ಬೇರ್ಪಟ್ಟ ತಳಿಗಳನ್ನು ರೈತರು ಗುರುತಿಸಿ, ಸಿಕ್ಕ ಜಾಗದ ಹೆಸರನ್ನೇ ಅವಕ್ಕೆ ಇಟ್ಟರು. ಹಾವರ್ಡ್ ಕಂಡದ್ದು ಮೌಂಟ್ ಬಾರ್ಕರ್. ಪಶ್ಚಿಮ ಆಸ್ಟ್ರೇಲಿಯದಲ್ಲಿ ಸಿಕ್ಕವು ಡ್ವಾಲ್ಗನಪ್, ಡಿನಿನಪ್, ವೂಜೆನೆಲಪ್, ಯಾರ್ಲೂಪ್. ಈ ಊರುಗಳ ಹೆಸರಿನಲ್ಲಿ ಮತ್ತೆ ಮತ್ತೆ ಬರುವ ‘ಅಪ್’ ಎಂಬ ಕೊನೆ ಅಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನರ ಭಾಷೆಯದು. ‘ಇಂಥದರ ಎಡೆ’ ಎಂದು ಅರ್ಥ, ನಮ್ಮ ಊರು, ಹಳ್ಳಿ, ಕೆರೆ ಎಂಬ ಕೊನೆಗಳಿದ್ದಂತೆ. ಆ ಜನರ ನೆಲವನ್ನು ವಶಪಡಿಸಿಕೊಂಡು, ಕಾಡನ್ನು ಕಡಿದು, ಕಡಲಾಚೆಯ ಗಿಡವನ್ನು ಬಿತ್ತಿದ ಮೇಲೆ ಆ ಗಿಡಕ್ಕೆ ಆ ಜನರ ಮಾತನ್ನೇ ಹೆಸರಾಗಿ ಇಟ್ಟರು. ಬೀಜದ ಚೀಲದ ಮೇಲೆ ಅಚ್ಚಾದ ಹೆಸರನ್ನು ಓದುವಾಗ ಎಷ್ಟು ಜನಕ್ಕೆ ಇದು ಹೊಳೆಯುತ್ತದೋ!

ಈಗ ಕಥೆಯ ಕಹಿ ಭಾಗ. 1940ರ ದಶಕದ ಆರಂಭ. ಪಶ್ಚಿಮ ಆಸ್ಟ್ರೇಲಿಯದ ನೈಋತ್ಯ ಭಾಗದ ಕುರಿಸಾಕಣೆಗಾರರು ಒಂದು ವಿಚಿತ್ರ ಸಂಕಟವನ್ನು ಹೇಳಿಕೊಳ್ಳತೊಡಗಿದರು. ಕುರಿಗಳು ಮೈತುಂಬಿಕೊಂಡಿವೆ, ಉಣ್ಣೆ ಚೆನ್ನಾಗಿದೆ, ಕಾಯಿಲೆಯ ಲಕ್ಷಣವಿಲ್ಲ. ಬೆದೆಗೆ ಬರುತ್ತವೆ, ಟಗರನ್ನು ಸೇರುತ್ತವೆ, ಆದರೆ ಗಬ್ಬ ನಿಲ್ಲುವುದಿಲ್ಲ. ನಿಂತರೆ ಈಯಲಾರದೆ ನರಳಿ ತಾಯಿಯೂ ಮರಿಯೂ ಸಾಯುತ್ತವೆ. ಕೆಲವಕ್ಕೆ ಗರ್ಭಚೀಲ ಹೊರಕ್ಕೆ ಜಾರುತ್ತದೆ. ಟಗರನ್ನೇ ಕಾಣದ ಎಳೆಯ ಕುರಿಗಳ ಕೆಚ್ಚಲಿನಲ್ಲಿ ಹಾಲು. ಅದಕ್ಕಿಂತ ವಿಚಿತ್ರವೆಂದರೆ, ಬೀಜ ಒಡೆಸಿದ ಗಂಡುಕುರಿಗಳ ಮೊಲೆಯಲ್ಲೂ ಹಾಲು ಜಿನುಗಿತು. ಅವುಗಳಲ್ಲಿ ಕೆಲವು ಮೂತ್ರ ಕಟ್ಟಿ ಸತ್ತವು. ಕೆಟ್ಟ ಹಿಂಡುಗಳಲ್ಲಿ 100 ಹೆಣ್ಣುಕುರಿಗೆ 30 ಮರಿಯೂ ದಕ್ಕಲಿಲ್ಲ. ಅದೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಯಿತು. ಒಮ್ಮೆ ಗೊಡ್ಡಾದ ಕುರಿ ಬೇರೆ ಮೇವಿಗೆ ಹೋದರೂ ಮತ್ತೆ ಸರಿಹೋಗಲಿಲ್ಲ.

ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ‘ಗೊಡ್ಡು’ ಎಂಬ ಮಾತಿನ ಭಾರ ಗೊತ್ತು. ಗೊಡ್ಡು ಎಮ್ಮೆ, ಗೊಡ್ಡು ನೆಲ ಎನ್ನುವಾಗ ಅದು ಬರಿಯ ಬಣ್ಣನೆಯಲ್ಲ, ತೀರ್ಪು. ಆ ಹಿರಿಯ ಸಾಕಣೆಗಾರರು ತಮ್ಮ ತಂದೆಯ ಕಾಲವನ್ನು ನೆನೆದು ಹೇಳಿದ್ದು ಇಷ್ಟು: ಮೊದಲು ಟಗರನ್ನು ದೂರಿದರಂತೆ, ಹೊಸ ಟಗರು ಕೊಂಡರಂತೆ, ಆಮೇಲೆ ನೀರನ್ನು ಶಂಕಿಸಿದರಂತೆ, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು, ಯಾರ ಸಾಕಣೆಯಲ್ಲಿ ಏನು ಲೋಪವೆಂದು ಮನಸ್ಸಿನಲ್ಲೇ ಅಳೆದರಂತೆ. ಹೊಲದ ಹಸುರಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಹೇಗೆ ಬಂದೀತು? ಆ ಹಸುರಿನಿಂದಲೇ ಅವರ ಸಾಲ ತೀರಿತ್ತು, ಮಕ್ಕಳು ಓದಿದ್ದರು. ಅಲ್ಲದೆ ಅತ್ಯಂತ ಶ್ರದ್ಧೆಯಿಂದ, ಅತಿ ದಟ್ಟವಾಗಿ ಕ್ಲೋವರ್ ಬೆಳೆಸಿದವನ ಹಿಂಡಿಗೇ ಕೇಡು ಹೆಚ್ಚು. ಸೋಮಾರಿಯ ಹೊಲದಲ್ಲಿ ನಾನಾ ಹುಲ್ಲು ಬೆರೆತು ಕುರಿ ಉಳಿದುಕೊಂಡಿತು. ಇಂಥ ಅನ್ಯಾಯವನ್ನು ಯಾವ ರೈತ ಒಪ್ಪಿಯಾನು?

ರೈತರ ದೂರನ್ನು ಕಿವಿಗೊಟ್ಟು ಕೇಳಿದವರು ಹೆರಲ್ಡ್ ಬೆನೆಟ್ಸ್ ಎಂಬ ಪಶುವೈದ್ಯ ವಿಜ್ಞಾನಿ. ತಾಮ್ರದ ಕೊರತೆಯಿಂದ ಕುರಿಮರಿಗಳ ಕಾಲು ಸ್ವಾಧೀನ ತಪ್ಪುತ್ತದೆಂದು 1930ರ ದಶಕದಲ್ಲಿ ಕಂಡುಹಿಡಿದಿದ್ದವರು. ಅವರೂ ಎರಿಕ್ ಅಂಡರ್‌ವುಡ್, ಷಯರ್ ಎಂಬ ಸಹೋದ್ಯೋಗಿಗಳೂ 1946ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೆರಳು ನೇರವಾಗಿ ನೆಲಕ್ಲೋವರಿನ ಕಡೆ ತೋರಿತು. ಹೆಣ್ಣುದೇಹದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನಿನಂತೆ ವರ್ತಿಸುವ ಏನೋ ಒಂದು ಈ ಎಲೆಯಲ್ಲಿದೆ ಎಂದು ಅವರು ಹೇಳಿದರು. ಸಸ್ಯವೊಂದು ಪ್ರಾಣಿಯ ಬಸಿರಿನ ಭಾಷೆಯನ್ನು ಆಡಬಲ್ಲದು ಎಂಬುದು ಆ ದಿನಗಳಲ್ಲಿ ಸುಲಭವಾಗಿ ನಂಬುವ ಸಂಗತಿಯಾಗಿರಲಿಲ್ಲ.

ಮುಂದಿನ ಶೋಧ ಒಂದು ಪತ್ತೇದಾರಿ ಕಥೆಯಂತಿದೆ. 1951ರಲ್ಲಿ ಎಲೆಯಿಂದ ಜೆನಿಸ್ಟೀನ್ ಮುಂತಾದ ವಸ್ತುಗಳನ್ನು ಬೇರ್ಪಡಿಸಿದರು. ಇಲಿಗಳ ಮೇಲೆ ಪ್ರಯೋಗಿಸಿದಾಗ ಜೆನಿಸ್ಟೀನ್ ಬಲವಾದದ್ದೆಂದು ತೋರಿತು. ಆರೋಪಿ ಸಿಕ್ಕಿದನೆಂದೇ ತಿಳಿದರು. ಫಾರ್ಮೊನೊನೆಟಿನ್ ಎಂಬ ಇನ್ನೊಂದು ವಸ್ತು ಇಲಿಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ತೋರಲಿಲ್ಲ. ಆದರೆ ಕುರಿ ಇಲಿಯಲ್ಲ, ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವು ಬಲಶಾಲಿಯೆನಿಸಿದ ಜೆನಿಸ್ಟೀನನ್ನು ಒಡೆದು ನಿರುಪದ್ರವಿಯನ್ನಾಗಿ ಮಾಡುತ್ತವೆ. ಸಾಧುವೆಂದು ಬಿಟ್ಟಿದ್ದ ಫಾರ್ಮೊನೊನೆಟಿನ್ನನ್ನು ಈಕ್ವಾಲ್ ಎಂಬ ಪ್ರಬಲ ವಸ್ತುವನ್ನಾಗಿ ಮಾರ್ಪಡಿಸುತ್ತವೆ. ನಿಜವಾದ ಅಪರಾಧಿ ಅದೇ ಎಂದು ಸ್ಪಷ್ಟವಾದದ್ದು 1960ರ ದಶಕದಲ್ಲಿ. ಈಕ್ವಾಲ್ ಎಂಬ ಹೆಸರು ಲ್ಯಾಟಿನ್ನಿನಲ್ಲಿ ಕುದುರೆಗೆ ಹೇಳುವ ಮಾತಿನಿಂದ ಬಂದದ್ದು. 1930ರ ದಶಕದಲ್ಲೇ ಗಬ್ಬದ ಹೆಣ್ಣುಕುದುರೆಯ ಮೂತ್ರದಲ್ಲಿ ಅದನ್ನು ಕಂಡಿದ್ದರು, ಏಕಿದೆ ಎಂದು ಮಾತ್ರ ಆಗ ಗೊತ್ತಾಗಿರಲಿಲ್ಲ. ಹಸಿರೆಲೆಯಲ್ಲಿ ಈ ಗುಣ ಹೆಚ್ಚು, ಒಣಗಿದ ಮೇವಿನಲ್ಲಿ ಬಹಳ ಕಡಿಮೆ. ದನಗಳಿಗೆ ಇದು ಕುರಿಗೆ ತಟ್ಟಿದಷ್ಟು ತಟ್ಟುವುದಿಲ್ಲ. ರಂಜಕ ಸಾಲದ ನೆಲದಲ್ಲಿ ಬೆಳೆದರೆ ಎಲೆಯಲ್ಲಿ ಅದರ ಪ್ರಮಾಣ ಏರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನೌರು ದ್ವೀಪ ಜಪಾನಿನ ಕೈಸೇರಿ ಅಲ್ಲಿನ ಗೊಬ್ಬರದ ಕಲ್ಲು ನಿಂತುಹೋದ ವರ್ಷಗಳೇ ಈ ರೋಗ ಕಾಣಿಸಿಕೊಂಡ ವರ್ಷಗಳೂ ಹೌದು ಎಂಬುದನ್ನು ಇಲ್ಲಿ ಜೋಡಿಸಿ ನೋಡಬಹುದು.

ತೌರೂರಿನಲ್ಲಿ ಸಾವಿರಾರು ವರ್ಷ ಕುರಿಯೊಡನೆ ಬಾಳಿದ ಗಿಡ ಹೊಸ ನಾಡಿನಲ್ಲಿ ಏಕೆ ಹೀಗೆ ಮಾಡಿತು? ಕೆಲವು ವಿಜ್ಞಾನಿಗಳು ಇದನ್ನು ಗಿಡದ ಸ್ವರಕ್ಷಣೆಯ ಉಪಾಯವೆಂದು ಊಹಿಸಿದ್ದಾರೆ: ಮೇಯುವವರ ಸಂತಾನ ಮಿತವಾಗಿದ್ದರೆ ಗಿಡಕ್ಕೆ ಕ್ಷೇಮ. ಊಹೆ ಜಾಣತನದ್ದು. ನನಗೆ ಮಾತ್ರ ಗಿಡದ ಮೇಲೆ ಹಂಚಿಕೆಯ ಆರೋಪ ಹೊರಿಸುವುದಕ್ಕಿಂತ ಸಮೀಪದ ಕಾರಣವೇ ಸಾಕೆನಿಸುತ್ತದೆ. ಗ್ರೀಸಿನ, ಸಾರ್ಡಿನಿಯದ ಗುಡ್ಡಗಳಲ್ಲಿ ಅದು ಹತ್ತಾರು ಹುಲ್ಲು, ಮುಳ್ಳು, ಪೊದೆಗಳ ನಡುವೆ ಒಂದು. ಕುರಿ ಅಲ್ಲೊಂದು ಬಾಯಿ ಇಲ್ಲೊಂದು ಬಾಯಿ ಹಾಕುತ್ತ ನಡೆಯುತ್ತದೆ. ನಮ್ಮ ಕುರುಬರ ಹಿಂಡುಗಳು ಸುಗ್ಗಿಯಾದ ಹೊಲದಿಂದ ಹೊಲಕ್ಕೆ ನಡೆಯುವ ಹಾಗೆ. ಆಸ್ಟ್ರೇಲಿಯದಲ್ಲಿ ಆ ಗುಂಪಿನಿಂದ ಒಂದನ್ನು ಮಾತ್ರ ಆರಿಸಿ, ಗೊಬ್ಬರ ಕೊಟ್ಟು, ಬೇಲಿ ಹಾಕಿ, ತಿಂಗಳುಗಟ್ಟಲೆ ಅದನ್ನೇ ಉಣಿಸಿದರು. ಸಹವಾಸದಲ್ಲಿ ಅಡಗಿದ್ದ ದೋಷ ಏಕಾಂತದಲ್ಲಿ ಎದ್ದು ನಿಂತಿತು. ಹೀಗೆ ಹಾವರ್ಡನ ಕಣ್ಣು ಕಂಡದ್ದೂ ಸತ್ಯ, ಬೆನೆಟ್ಸರ ಕಣ್ಣು ಕಂಡದ್ದೂ ಸತ್ಯ.

ಪರಿಹಾರಕ್ಕಾಗಿ ವಿಜ್ಞಾನಿಗಳು ಮತ್ತೆ ತೌರೂರಿಗೇ ಹೋದರು. ಮೆಡಿಟರೇನಿಯನ್ ನಾಡುಗಳ ಬೆಟ್ಟದ ಬದಿಗಳಲ್ಲಿ, ಕಾಲುದಾರಿಗಳ ಅಂಚಿನಲ್ಲಿ ಮುಳ್ಳುಂಡೆಗಳನ್ನು ಹೆಕ್ಕಿ ತಂದರು. ಪರ್ತ್‌ನಲ್ಲಿ ಇಂದು ಅಂಥ ಸಾವಿರಾರು ಮಾದರಿಗಳ ಸಂಗ್ರಹವಿದೆ. 2016ರಲ್ಲಿ ಈ ಗಿಡದ ಇಡೀ ವಂಶವಾಹಿ ಲಿಪಿಯ ಕರಡನ್ನೂ ಪ್ರಕಟಿಸಿದ್ದಾರೆ. ಒಣತೂಕದಲ್ಲಿ 0.2 ಶೇಕಡಕ್ಕಿಂತ ಕಡಿಮೆ ಫಾರ್ಮೊನೊನೆಟಿನ್ ಇರುವ ತಳಿಗಳನ್ನು ಮಾತ್ರ ಬಿತ್ತನೆಗೆ ಕೊಡಬೇಕೆಂದು ಗೊತ್ತುಮಾಡಿಕೊಂಡರು. ಟ್ರಿಕಲಾ, ಡಾಲ್ಕೀತ್ ಮುಂತಾದ ಹೊಸ ತಳಿಗಳು ಬಂದವು. ಅಪಾಯದ ಹಳೆಯ ತಳಿಗಳ ಹೆಸರುಗಳನ್ನು ಕೇಳುಗರು ಆಗಲೇ ಕೇಳಿದ್ದೀರಿ: ಡ್ವಾಲ್ಗನಪ್, ಡಿನಿನಪ್, ಯಾರ್ಲೂಪ್.

ಆದರೆ ಹೂಳಿಟ್ಟ ಬೀಜ ಮನುಷ್ಯನ ತೀರ್ಮಾನವನ್ನು ಕೇಳುವುದಿಲ್ಲ. ಗಡುಸು ಸಿಪ್ಪೆಯ ಆ ಹಳೆಯ ಬೀಜಗಳು ಮಣ್ಣಿನಲ್ಲಿ ಕಾದಿದ್ದು, ವರ್ಷಕ್ಕಿಷ್ಟು ಮೊಳೆತು, ಹೂ ಬಿಟ್ಟು, ಮತ್ತೆ ತಮ್ಮ ಹೂವನ್ನು ತಾವೇ ಹೂಳಿಕೊಂಡು, ಹೊಸ ತಳಿಯ ನಡುವೆ ಸೇರಿ ಬೆಳೆಯುತ್ತಲೇ ಇವೆ. ಹೊಲ ನೋಡಿದರೆ ಎಲ್ಲವೂ ಒಂದೇ ಹಸುರು. ಬೇರ್ಪಡಿಸಿ ಗುರುತಿಸುವುದಕ್ಕೆ ಇರುವ ಸಾಧನ ಎಲೆಯ ಮೇಲಿನ ಬಿಳಿಚು ಅರ್ಧಚಂದ್ರದ ಗುರುತು, ಅದರ ಬಾಹುಗಳ ಉದ್ದ, ಅಲ್ಲಲ್ಲಿ ಕಾಣುವ ಕೆಂಪು ಚುಕ್ಕೆ, ತೊಟ್ಟಿನ ಬುಡದ ಬಣ್ಣ, ಕಾಂಡದ ರೋಮ. ಒಂದೊಂದು ತಳಿಗೆ ಒಂದೊಂದು ಗುರುತು. ಶಾಸನದ ಅಕ್ಷರದ ತಲೆಕಟ್ಟನ್ನು ನೋಡಿ ಇದು ಇಂಥ ಶತಮಾನದ್ದೆಂದು ಹೇಳುವ ನಮ್ಮ ಲಿಪಿಶಾಸ್ತ್ರಜ್ಞರ ಕೆಲಸವೇ ಸರಿ. ಆ ಹಿರಿಯರು ಎಂಬತ್ತರ ಅಂಚಿನವರು, ಮಂಡಿ ನೋವಿನವರು. ಆದರೂ ಹೊಸದಾಗಿ ಹೆಣ್ಣುಕುರಿಗಳನ್ನು ಬಿಡುವ ಮುನ್ನ ಪ್ರತಿ ಹುಲ್ಲುಗಾವಲಿನಲ್ಲೂ ಹತ್ತಾರು ಕಡೆ ನೆಲಕ್ಕೆ ಕೂತು ಎಲೆ ಓದುತ್ತಾರೆ. ಅಂದೂ ಬೇಲಿಯ ಮಗ್ಗುಲಿನಲ್ಲಿ ಒಂದು ಬಳ್ಳಿಯನ್ನು ಎತ್ತಿ, ಕನ್ನಡಕ ಸರಿಪಡಿಸಿಕೊಂಡು, ಬೆಳಕಿಗೆ ಹಿಡಿದು ನೋಡಿದರು.

“ಡಿನಿನಪ್” ಎಂದರು. “ನಮ್ಮ ತಂದೆ ಬಿತ್ತಿದ್ದು.”